ಹದಿನೇಳು ಸಿಕ್ಕಿವೆ

ಜನನ ಮರಣ ವಿಭಾಗ, ಮೂರನೇ ಕಿಟಕಿ.
ಎದುರಿಗೆ ಕೋಟೆಯ ಒಂದು ತುಂಡು,
ಅದರ ಮೇಲೆ ದಿನವಿಡೀ ಅದೇ ಹದ್ದು.

ನಮ್ಮ ಯಂತ್ರಕ್ಕೆ ಬರುವುದು ಎರಡೇ ಮಾತು:
ಇದೆ, ಇಲ್ಲ.
ಕೊಟ್ಟ ಪದ ಯಾವ ಯಾವ ಹಾಳೆಯಲ್ಲಿದೆಯೋ
ಅಷ್ಟನ್ನೂ ಎಳೆತಂದು ಸುರಿಯುತ್ತದೆ,
ಸಂತೆ ಮುಗಿದ ಮೇಲೆ ಗೋಣಿ ಕೊಡವಿದ ಹಾಗೆ.
ಇದು ನಿಮ್ಮದಿರಬಹುದು, ಇದು ಇರಲಾರದು
ಎಂದು ಪಿಸುಗುಡುವುದಿಲ್ಲ.
ನನ್ನ ಮೊಬೈಲಿನ ಹಾಗಲ್ಲ; ಅದು
ಕುಕ್ಕರಿನ ಗ್ಯಾಸ್ಕೆಟ್ ಎಂದು ಪೂರ್ತಿ ಬರೆಯುವ ಮೊದಲೇ
ನನಗೇನು ಬೇಕೆಂದು ನನಗಿಂತ ಚೆನ್ನಾಗಿ ಅರಿತು
ಮೇಲೆ ತಂದಿಡುತ್ತದೆ.

ದಾವಣಗೆರೆಯಿಂದ ಬಂದ ಕಂಪನಿಯವನೊಬ್ಬ
ಪ್ರತಿ ಹಾಳೆಗೂ ಅಂಕ ಕೊಟ್ಟು
ಹತ್ತಿರದ್ದನ್ನು ಮೇಲಕ್ಕೆ ತರುವ ಬಗೆ ತೋರಿಸಿದ.
ಯಾರಿಗೆ ಹತ್ತಿರ? ಎಂದರು ಮ್ಯಾನೇಜರ್ ಪಾಲಯ್ಯನವರು.
ಅವನು ನಕ್ಕ. ಆ ಫೈಲಿನ ಮೇಲೆ ಈಗಲೂ
ಪೇಪರ್ ವೇಟು ಕೂತಿದೆ.

ಬೋರಕ್ಕ ಬಂದದ್ದು ಊಟದ ಹೊತ್ತಿಗೆ.
ಡಬ್ಬಿ ಮುಚ್ಚಿದೆ.
"ಮಗ. ಒಂಬತ್ತು ದಿನ ಇದ್ದ."
ಹೆಸರು?
"ಹನ್ನೊಂದಕ್ಕೆ ಇಡೋದಿತ್ತು."

ಹೆಸರಿಲ್ಲ, ಎಂದೇ ಬರೆದು ಗುಂಡಿ ಒತ್ತಿದೆ.
ಸಾವಿರದ ಇನ್ನೂರ ಆರು.
ಅಷ್ಟೂ ಮಂದಿ ಈ ದುರ್ಗದಲ್ಲೇ ಹುಟ್ಟಿ
ಒಂದು ಪದದ ಕೆಳಗೆ ಪಂಕ್ತಿ ಕೂತಿದ್ದರು.
ಹೆಸರಿಟ್ಟಿಲ್ಲ, ಎಂದು ಬರೆದ ಗುಮಾಸ್ತರೂ ಇದ್ದರು;
ಆ ಕೂಸುಗಳು ಯಂತ್ರದ ಪಾಲಿಗೆ ಬೇರೆ ಊರಿನವು.

ಇನ್ನೊಂದು ಪದ ಹೇಳಿ, ಎಂದೆ.
ಪದ ಕೂಡಿದಂತೆ ಗುಂಪು ಕರಗುತ್ತದೆ,
ನಮ್ಮ ಕೈಲಿರುವ ಜರಡಿ ಅದೊಂದೇ.
ಆ ಕಾಲದ ಪುಸ್ತಕದಲ್ಲಿ ತಾಯಿಯ ಕಾಲಂ ಖಾಲಿ.
ತಂದೆ?
"ತಿಪ್ಪೇಸ್ವಾಮಿ."

ಪೆನ್ನು ಕೆಳಗಿಟ್ಟೆ.
ಗಾಂಧಿ ಸರ್ಕಲ್ಲಿನಲ್ಲಿ ನಿಂತು ಆ ಹೆಸರು ಕೂಗಿದರೆ
ಎರಡು ಬಸ್ಸು, ಒಂದು ಟೀ ಅಂಗಡಿ, ಅರ್ಧ ಪೊಲೀಸ್ ಠಾಣೆ
ತಿರುಗಿ ನೋಡುತ್ತವೆ.

ಹದಿನೇಳು.

"ಮೊದ್ಲನೇದು ಯಾಕೆ ಮೊದ್ಲು ಬಂತು?"
ಸುಮ್ಮನೆ ಬಂತಮ್ಮ.
ಆ ಪುಸ್ತಕದ ರಟ್ಟು ಹರಿದಿತ್ತು,
ಟೈಪು ಮಾಡಲು ಬಂದ ಹುಡುಗರು ಅದನ್ನೇ ಮೊದಲು ಮುಗಿಸಿದರು.
ತಾರೀಕಿನ ಸಾಲೂ ಅಲ್ಲ ಇದು.
"ಒಳ್ಳೇದಾತು," ಅಂದಳು. ಯಾಕೋ.

ಓದುತ್ತ ಹೋದೆ.
ಕೆಳಗೋಟೆ, ತಿಪ್ಪೇಸ್ವಾಮಿ, ಹಮಾಲಿ.
"ಹ್ಞೂಂ."
ಮೆದೇಹಳ್ಳಿ ರಸ್ತೆ, ತಿಪ್ಪೇಸ್ವಾಮಿ, ಕಲ್ಲು ಕೆಲಸ.
"ಹ್ಞೂಂ."
ಚೋಳಗುಡ್ಡ, ತಿಪ್ಪೇಸ್ವಾಮಿ, ಮುಂದಿನದರ ಮೇಲೆ ಶಾಯಿ ಬಿದ್ದಿದೆ.
"ಹ್ಞೂಂ."
ಕತೆಗೆ ಹೂಂಗುಟ್ಟುವ ಮಕ್ಕಳ ಹಾಗೆ
ಹದಿನೇಳಕ್ಕೂ ಒಂದೇ ದನಿ.
ಎಲ್ಲಾದರೂ ಉಸಿರು ತಡೆದೀತೆಂದು ಕಾದೆ.
ತಡೆಯಲಿಲ್ಲ.

ಯಾವುದಮ್ಮ ನಿಮ್ಮದು?
"ಒಂದು ಕಾಗ್ದಕ್ಕೆ ಎಷ್ಟು?"
ಇಪ್ಪತ್ತು.
ಎಲೆಯಡಿಕೆ ಚೀಲದಲ್ಲಿ ನಲವತ್ತಿತ್ತು.
"ಎರಡು ಕೊಡು."
ಯಾವ ಎರಡು?
"ಅದು ಹೆಂಗ್ ಕೊಟ್ಟೈತೋ ಹಂಗೆ. ಮೇಲಿಂದ."

ಪ್ರಿಂಟರ್ ಕೆಮ್ಮಿ ಎರಡು ಹಾಳೆ ಉಗುಳಿತು.
ಎರಡನೆಯದರಲ್ಲಿ, ಲಿಂಗ: ಹೆಣ್ಣು.
ಗಂಡು ಎಂಬ ಪದ ಕೂಡಿಸಲು ನಾನೇ ಮರೆತಿದ್ದೆ.
ಇದು ನಿಮ್ಮದಲ್ಲ, ಬದಲಿಸಿ ಕೊಡ್ತೀನಿ, ಎಂದೆ.
"ಇದನ್ನ ಯಾರಾದ್ರೂ ಬಂದು ಕೇಳ್ಯಾರಾ?"
ಇಲ್ಲ.
"ಇರ್ಲಿ ಬಿಡು."
ಎರಡನ್ನೂ ಒಂದರೊಳಗೊಂದು ಮಡಿಚಿ
ಸುಣ್ಣದ ಡಬ್ಬಿ ತಾಗದ ಹಾಗೆ
ಚೀಲದ ಒಳಪದರಕ್ಕೆ ಸೇರಿಸಿದಳು.

ಹದಿನೇಳು ಸಾಲು ತೆರೆಯ ಮೇಲೆ ಹಾಗೇ ಇದ್ದವು.
ಅಳಿಸಲು ಒಂದು ಗುಂಡಿ ಸಾಕು.
ಡಬ್ಬಿಯ ಚಿತ್ರಾನ್ನ ಆರಿತ್ತು.
ಮುಂದಿನವನು ಕಿಟಕಿಗೆ ಬಗ್ಗಿ ತನ್ನ ಹೆಸರು ಹೇಳಿದ.
ಕೇಳಿಸಿತು.
ಇನ್ನೊಂದು ಪದ ಹೇಳಿ, ಎಂದೆ.